ಲ್ಯಾಪ್‌ಟಾಪ್ ಒಪ್ಪದ ವೈ-ಫೈ ಕಾರ್ಡ್: ಒಂದು ಪ್ರಕರಣ ಅಧ್ಯಯನ

ಇದು ಒಂದೇ ಒಂದು ಲ್ಯಾಪ್‌ಟಾಪ್‌ನ ಕಥೆ. ಅದರ ಒಡತಿ ಒಬ್ಬ ಶಿಕ್ಷಕಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಲ್ಯಾಪ್‌ಟಾಪ್ ಕಂಪನಿ, ಮಾಡೆಲ್ ಯಾವುದನ್ನೂ ಹೇಳುವುದಿಲ್ಲ. ಚಿಪ್‌ಗಳ ಹೆಸರು ಮತ್ತು ಅವುಗಳ ನಂಬರ್‌ಗಳನ್ನು ಮಾತ್ರ ಇದ್ದ ಹಾಗೇ ಕೊಡುತ್ತೇನೆ. ಯಾಕಂದ್ರೆ ಇಲ್ಲಿ ಎಲ್ಲ ತೊಂದರೆಯೂ ಒಂದು ನಂಬರ್‌ನಿಂದಲೇ ಬಂದದ್ದು.

ಹಿನ್ನೆಲೆ

ಲ್ಯಾಪ್‌ಟಾಪ್ 2013ರ ಕಾಲದ್ದು. ಹಳೆಯದಾದರೂ ಗಟ್ಟಿಮುಟ್ಟಾಗಿತ್ತು. ಮೇಡಂ ಅದಕ್ಕೆ ಮೊದಲೇ ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿದ್ದರು. ಬೇರೆ ಎಲ್ಲ ಕೆಲಸವೂ ಚೆನ್ನಾಗಿ ನಡೆಯುತ್ತಿತ್ತು. ವೈ-ಫೈ ಮಾತ್ರ ಸಂಜೆ ಹೊತ್ತು ಕೈಕೊಡುತ್ತಿತ್ತು. ಆನ್‌ಲೈನ್ ಪಾಠದ ನಡುವೆ ಚಿತ್ರ ನಿಂತುಬಿಡುವುದು, ಮಾತು ತುಂಡುತುಂಡಾಗುವುದು. ಅದೇ ಕೋಣೆಯಲ್ಲಿ ಫೋನ್‌ಗೆ ಯಾವ ತೊಂದರೆಯೂ ಇರಲಿಲ್ಲ.

ಕಾರಣ ಸುಲಭವಾಗಿ ಗೊತ್ತಾಗುವಂಥದ್ದು. ಲ್ಯಾಪ್‌ಟಾಪ್ ಜೊತೆ ಬಂದಿದ್ದ ಕಾರ್ಡ್ ರಿಯಲ್‌ಟೆಕ್ 8188ಸಿಇ. ಅದಕ್ಕೆ 2.4 ಗಿಗಾಹರ್ಟ್ಸ್ ಬ್ಯಾಂಡ್ (ವೈ-ಫೈ ಬಳಸುವ ರೇಡಿಯೋ ತರಂಗಗಳ ಒಂದು ಶ್ರೇಣಿ) ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ರೌಟರ್‌ಗಳೆಲ್ಲ ಆ ಮೂರರಲ್ಲೇ ಕಿತ್ತಾಡುತ್ತವೆ. ಸಂಜೆ ಎಲ್ಲರೂ ಮನೆಗೆ ಬಂದಾಗ ಜಾಸ್ತಿ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಹಾಯಾಗಿ ಇರುತ್ತಿತ್ತು.

ಕಾರ್ಡ್ ಬದಲಿಸಿದರೆ ಆಯಿತು ಎಂದು ಅವರ ತಮ್ಮ ಹೇಳಿದರು. ಆ ಯೋಚನೆ ಸರಿಯಾಗಿಯೇ ಇತ್ತು. ಕಾರ್ಡ್ ಕೂರುವ ಸ್ಲಾಟ್ ಹಾಫ್ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಬಗೆಯದು. ಅದಕ್ಕೆ ಸರಿಹೊಂದುವ ಇಂಟೆಲ್ 7260 ಕಾರ್ಡ್ ತರಿಸಿದರು. ಎರಡೂ ಬ್ಯಾಂಡ್, ಎರಡು ಆಂಟೆನಾ, 802.11ಎಸಿ ಎಂಬ ವೇಗದ ವೈ-ಫೈ ಬಗೆ, ಜೊತೆಗೆ ಬ್ಲೂಟೂತ್. ಅಳತೆ ಸರಿ, ಪಿನ್ ಸರಿ, ಆಂಟೆನಾ ವೈರ್ ಕೂರುವ ಗುಂಡಿಯೂ ಸರಿ.

ತೊಂದರೆ

ಹೊಸ ಕಾರ್ಡ್ ಹಾಕಿ ಪವರ್ ಬಟನ್ ಒತ್ತಿದರು. ಕಂಪನಿಯ ಲೋಗೋ ಬಂತು. ಮರುಕ್ಷಣ ಕಪ್ಪು ಪರದೆ. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಲಾಗಿದೆ, ಆಫ್ ಮಾಡಿ ಅದನ್ನು ತೆಗೆಯಿರಿ. ಅಷ್ಟೇ. ಯಾವ ಕೀ ಒತ್ತಿದರೂ ಮುಂದೆ ಹೋಗಲಿಲ್ಲ.

ನನ್ನ ಹತ್ತಿರ ಬರುವ ಮೊದಲು ಅವರು ಎರಡು ಸಂಜೆ ಇದರ ಮೇಲೆ ಕಳೆದಿದ್ದರು. ಕಾರ್ಡ್ ತೆಗೆದು ಮತ್ತೆ ಹಾಕಿದರು. ಹಳೇ ಕಾರ್ಡ್ ಹಾಕಿ ವಿಂಡೋಸ್‌ಗೆ ಹೋಗಿ, ಹೊಸ ಕಾರ್ಡ್‌ನ ಡ್ರೈವರ್ (ಕಾರ್ಡ್ ನಡೆಸಲು ವಿಂಡೋಸ್‌ಗೆ ಬೇಕಾದ ಪ್ರೋಗ್ರಾಮ್) ಮುಂಚಿತವಾಗಿ ಹಾಕಿಟ್ಟರು. ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಮ್, ಅದರ ಸೆಟ್ಟಿಂಗ್ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದರು. ಕಾರ್ಡೇ ಕೆಟ್ಟಿದೆ ಎಂದು ವಾಪಸ್ ಕಳಿಸಿ ಅದೇ ಮಾಡೆಲ್‌ನ ಇನ್ನೊಂದನ್ನು ತರಿಸಿದರು. ಅದಕ್ಕೂ ಅದೇ ಸಾಲು.

ಕೊನೆಗೆ ತಮ್ಮ ಎಲ್ಲೋ ಕೇಳಿದ್ದ ಒಂದು ಉಪಾಯ ಮಾಡಿದರು. ಕಾರ್ಡ್‌ನ 20ನೇ ಪಿನ್ ಮೇಲೆ ಸಣ್ಣ ಟೇಪ್ ತುಂಡು ಅಂಟಿಸಿದರು. ಈ ಉಪಾಯ ಸುಳ್ಳಲ್ಲ, ಆದರೆ ಅದು ಬೇರೆ ಕಾಯಿಲೆಗೆ ಮದ್ದು. ಮಿನಿ ಪಿಸಿಐ ಎಕ್ಸ್‌ಪ್ರೆಸ್‌ನ 52 ಪಿನ್‌ಗಳಲ್ಲಿ 20ನೆಯದು ರೇಡಿಯೋ ಆಫ್ ಮಾಡುವ ಪಿನ್. ಲ್ಯಾಪ್‌ಟಾಪ್‌ನ ವೈ-ಫೈ ಸ್ವಿಚ್ ಕೆಟ್ಟು ವೈ-ಫೈ ಸದಾ ಆಫ್ ಎಂದು ತೋರಿಸುತ್ತಿದ್ದರೆ ಆ ಪಿನ್ ಮುಚ್ಚಿ ರೇಡಿಯೋ ಆನ್ ಮಾಡಬಹುದು. ಕಾರ್ಡ್ ಯಾರದ್ದು ಎಂದು ಕೇಳುವ ಬಯಾಸ್‌ಗೆ ಈ ಪಿನ್‌ನ ಗೊಡವೆಯೇ ಇಲ್ಲ. ಟೇಪ್‌ನ ಅಂಟು ಸ್ಲಾಟ್ ಒಳಗೆ ಉಳಿದದ್ದು ಮಾತ್ರ ಲಾಭ. ಅದನ್ನು ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ತೆಗೆಯಬೇಕಾಯಿತು.

ಎಲ್ಲಿ ನಿಂತಿತು ಎನ್ನುವುದೇ ಮೊದಲ ಸುಳಿವು

ನಾನು ಕೇಳಿದ ಮೊದಲ ಪ್ರಶ್ನೆ: ಈ ಸಾಲು ಬರುವುದು ವಿಂಡೋಸ್ ಶುರುವಾಗುವ ಮೊದಲೋ, ಆಮೇಲೋ? ಮೊದಲು ಎಂದರು. ಹಾಗಿದ್ದರೆ ಡ್ರೈವರ್‌ನ ಮಾತು ಅಲ್ಲಿಗೇ ಮುಗಿಯಿತು. ಡ್ರೈವರ್ ಇರುವುದು ಎಸ್‌ಎಸ್‌ಡಿಯಲ್ಲಿ, ವಿಂಡೋಸ್ ಒಳಗೆ. ಅದರ ಸರದಿ ಇನ್ನೂ ಬಂದೇ ಇರಲಿಲ್ಲ. ಒಂದು ಇಡೀ ಸಂಜೆ ಹೋಗಿದ್ದು ಇಲ್ಲೇ. ಎಷ್ಟು ಜನ ಇದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ನೋಡಿ ನನಗೆ ಬೇಜಾರಾಗುತ್ತದೆ. ಪರದೆಯ ಮೇಲಿನ ಸಾಲನ್ನು ಓದಿರುತ್ತಾರೆ, ಅದು ಬಂದ ಹೊತ್ತನ್ನು ಗಮನಿಸಿರುವುದಿಲ್ಲ.

ಆಮೇಲೆ ನಾಲ್ಕು ಸ್ಥಿತಿ ಪರೀಕ್ಷಿಸಿದೆವು. ಸ್ಲಾಟ್ ಖಾಲಿ ಬಿಟ್ಟರೆ ಲ್ಯಾಪ್‌ಟಾಪ್ ಶುರುವಾಗುತ್ತದೆ. ಹಳೇ ಕಾರ್ಡ್ ಹಾಕಿದರೂ ಶುರುವಾಗುತ್ತದೆ, ವೈ-ಫೈಯೂ ಸಿಗುತ್ತದೆ. ಹಾಗಾದರೆ ಸ್ಲಾಟ್ ಸರಿ ಇದೆ. ಹೊಸ ಕಾರ್ಡ್ ಹಾಕಿದರೆ ನಿಲ್ಲುತ್ತದೆ. ಅದೇ ಹೊಸ ಕಾರ್ಡನ್ನು ತಮ್ಮನ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದೆವು. ಅದು ಬೇರೆ ಕಂಪನಿಯದು, ಸ್ಲಾಟ್ ಒಂದೇ ಥರದ್ದು. ಅಲ್ಲಿ ಒಂದು ಮಾತಿಲ್ಲದೆ ಕೆಲಸ ಮಾಡಿತು. ಹಾಗಾದರೆ ಕಾರ್ಡೂ ಸರಿ ಇದೆ.

ಎರಡೂ ಸರಿ ಇದ್ದು, ಜೊತೆಗೆ ಸೇರಿದಾಗ ಮಾತ್ರ ಆಗುತ್ತಿಲ್ಲ. ಅಂದರೆ ನಡುವೆ ಯಾರೋ ಬೇಡ ಎನ್ನುತ್ತಿದ್ದಾರೆ. ಆ ಯಾರೋ ಬಯಾಸ್.

ಕೆಲವು ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ನ ಬಯಾಸ್ ಒಳಗೆ ಒಂದು ಪಟ್ಟಿ ಇಟ್ಟಿರುತ್ತವೆ. ರಿಪೇರಿ ಮಾಡುವವರು ಇದನ್ನು ವೈಟ್‌ಲಿಸ್ಟ್ ಎನ್ನುತ್ತಾರೆ. ಪ್ರತಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ನಲ್ಲೂ ಗುರುತಿನ ನಂಬರ್‌ಗಳಿರುತ್ತವೆ. ಚಿಪ್ ಮಾಡಿದವರು ಯಾರು ಎಂದು ಹೇಳುವುದು ವೆಂಡರ್ ಐಡಿ. ಇಂಟೆಲ್‌ದು 8086, ರಿಯಲ್‌ಟೆಕ್‌ದು 10ಇಸಿ. ಯಾವ ಚಿಪ್ ಎಂದು ಹೇಳುವುದು ಡಿವೈಸ್ ಐಡಿ. ಇವೆರಡರ ಜೊತೆ ಸಬ್‌ಸಿಸ್ಟಮ್ ಐಡಿ ಎಂಬ ಇನ್ನೊಂದು ಜೋಡಿ ಇರುತ್ತದೆ. ಆ ಚಿಪ್ ಇಟ್ಟು ಈ ಕಾರ್ಡನ್ನು ಯಾರ ಹೆಸರಿನಲ್ಲಿ, ಯಾವ ರೂಪದಲ್ಲಿ ಮಾಡಲಾಗಿದೆ ಎನ್ನುವುದನ್ನು ಅದು ಹೇಳುತ್ತದೆ. ಆನ್ ಆದ ಕೂಡಲೇ ಬಯಾಸ್ ಇವನ್ನೆಲ್ಲ ಓದಿ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಮುಂದೆ ಹೋಗುತ್ತದೆ. ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ.

ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಪೆನ್‌ಡ್ರೈವ್ ಹಾಕಿ ಕಾರ್ಡ್‌ಗಳ ನಂಬರ್ ತೋರಿಸುವ ಎಲ್‌ಎಸ್‌ಪಿಸಿಐ ಆದೇಶ ಕೊಟ್ಟು ನೋಡಿದೆವು. ಹೊಸ ಕಾರ್ಡ್: 8086, 08ಬಿ1. ಸಬ್‌ಸಿಸ್ಟಮ್: 8086, 4070. ಅಂದರೆ ಚಿಪ್ಪೂ ಇಂಟೆಲ್‌ದು, ಕಾರ್ಡೂ ಇಂಟೆಲ್ ಹೆಸರಿನಲ್ಲೇ ಮಾಡಿದ್ದು. ಆಮೇಲೆ ಹಳೇ ಕಾರ್ಡ್ ಅಲ್ಲಿಗೆ ಹಾಕಿ ನೋಡಿದೆವು. ವೆಂಡರ್ ರಿಯಲ್‌ಟೆಕ್, ಆದರೆ ಸಬ್‌ಸಿಸ್ಟಮ್‌ನಲ್ಲಿ ಮೇಡಂ ಲ್ಯಾಪ್‌ಟಾಪ್ ಕಂಪನಿಯ ನಂಬರ್. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ವಿಂಡೋಸ್‌ನಲ್ಲೂ ಇದನ್ನು ನೋಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಒಳಗೆ ಹಾರ್ಡ್‌ವೇರ್ ಐಡಿ ಆರಿಸಿದರೆ ಈ ನಂಬರ್‌ಗಳೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ.

ಹೀಗೆ ಪಟ್ಟಿ ಇಡುವುದಕ್ಕೆ ಕಂಪನಿಗಳು ಕೊಡುವ ಕಾರಣ ರೇಡಿಯೋ ನಿಯಮ. ಕಾರ್ಡ್ ಮತ್ತು ಆಂಟೆನಾ ಎರಡನ್ನೂ ಸೇರಿಸಿ ಪರೀಕ್ಷೆ ಮಾಡಿಸಿ ಅನುಮತಿ ಪಡೆದಿರುತ್ತೇವೆ, ಬೇರೆ ಕಾರ್ಡ್ ಹಾಕಿದರೆ ಆ ಅನುಮತಿ ಉಳಿಯುವುದಿಲ್ಲ ಎನ್ನುತ್ತವೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕೊಳ್ಳುವಾಗ ಈ ಮಾತನ್ನು ಮೇಡಂಗೆ ಯಾರೂ ಹೇಳಿರಲಿಲ್ಲ. ತಾನು ಕೊಂಡ ವಸ್ತುವಿನ ಒಳಗೆ ಬೀಗ ಇದೆ ಎಂದು ಹತ್ತು ವರ್ಷದ ಮೇಲೆ ಕಪ್ಪು ಪರದೆ ನೋಡಿ ತಿಳಿಯಬೇಕೇ? ಇದು ತಪ್ಪು ಎಂದೇ ನನ್ನ ಅಭಿಪ್ರಾಯ.

ದಾರಿಗಳು, ಮತ್ತು ಬಿಟ್ಟ ದಾರಿಗಳು

ಮೊದಲು ಮಾಡಿದ್ದು ಆತುರ ಕಳೆದದ್ದು. ಮರುದಿನವೇ ಪಾಠ ಇತ್ತು. ಹಳೇ ಕಾರ್ಡ್ ಒಳಗೇ ಇರಲಿ ಎಂದು ಬಿಟ್ಟು, ನನ್ನ ಹತ್ತಿರ ಇದ್ದ 5 ಗಿಗಾಹರ್ಟ್ಸ್ ಯುಎಸ್‌ಬಿ ವೈ-ಫೈ ಅಡಾಪ್ಟರ್ ಕೊಟ್ಟೆ. ಈ ಲ್ಯಾಪ್‌ಟಾಪ್‌ನ ಪಟ್ಟಿ ನೋಡುವುದು ಸ್ಲಾಟ್‌ನ ಕಾರ್ಡನ್ನು ಮಾತ್ರ. ಯುಎಸ್‌ಬಿಗೆ ಹಾಕಿದ್ದನ್ನು ಅದು ಕೇಳುವುದಿಲ್ಲ. ಅಡಾಪ್ಟರ್ ಸರಾಗವಾಗಿ ನಡೆಯಿತು. ತುಂಬ ಜನರಿಗೆ ಕಥೆ ಇಲ್ಲೇ ಮುಗಿಯಬಹುದು, ಮುಗಿದರೆ ತಪ್ಪೂ ಇಲ್ಲ. ಮೇಡಂಗೆ ಮಾತ್ರ ಅದು ಶಾಶ್ವತವಾಗಿ ಆಗುವಂತಿರಲಿಲ್ಲ. ಇದ್ದದ್ದು ಮೂರು ಯುಎಸ್‌ಬಿ ಕಿಂಡಿ. ಒಂದಕ್ಕೆ ಮೌಸ್, ಒಂದಕ್ಕೆ ಬರೆದು ತೋರಿಸುವ ಪೆನ್ ಟ್ಯಾಬ್ಲೆಟ್, ಇನ್ನೊಂದು ಪೆನ್‌ಡ್ರೈವ್‌ಗೆ ಬೇಕು. ಹೊರಗೆ ಚಾಚಿಕೊಂಡ ಅಡಾಪ್ಟರ್ ಚೀಲದಲ್ಲಿ ಮುರಿಯುವ ಭಯ ಬೇರೆ.

ಆದರೂ ಆ ಅಡಾಪ್ಟರ್ ಕೊಟ್ಟಿದ್ದು ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ನಿರ್ಧಾರ ಎಂದು ನನಗೆ ಈಗ ಅನ್ನಿಸುತ್ತದೆ. ಪಾಠ ನಿಲ್ಲುವುದಿಲ್ಲ ಎಂದಾದ ಮೇಲೆ ಯಾರಿಗೂ ದುಡುಕಬೇಕು ಅನ್ನಿಸಲಿಲ್ಲ.

ತಮ್ಮನಿಗೆ ಇನ್ನೆರಡು ಯೋಚನೆ ಇದ್ದವು. "ಸರ್, ಸ್ಲಾಟ್ ಖಾಲಿ ಇಟ್ಟು ಆನ್ ಮಾಡಿ, ಆಮೇಲೆ ಕಾರ್ಡ್ ಹಾಕಿದರೆ?" ಬೇಡ ಎಂದೆ. ಆ ಸ್ಲಾಟ್‌ನಲ್ಲಿ 3.3 ವೋಲ್ಟ್ ಹರಿಯುತ್ತಿರುತ್ತದೆ. ಕರೆಂಟ್ ಇರುವಾಗ ಕಾರ್ಡ್ ಹಾಕಿ ತೆಗೆಯುವುದಕ್ಕೆ ಅದನ್ನು ಮಾಡಿಲ್ಲ. ಪಿನ್ ಓರೆಯಾಗಿ ತಾಗಿದರೆ ಬೋರ್ಡ್ ಸುಟ್ಟೀತು. ಸುಡದೆ ಉಳಿದರೂ ಮತ್ತೆ ಆನ್ ಮಾಡುವಾಗ ಬಯಾಸ್ ಮತ್ತೆ ಕೇಳುತ್ತದೆ.

ಎರಡನೆಯದು ದೊಡ್ಡ ಯೋಚನೆ: ಪಟ್ಟಿ ತೆಗೆದುಹಾಕಿದ ಬಯಾಸ್ ಹಾಕುವುದು. ಇದನ್ನು ಮಾಡುವವರಿದ್ದಾರೆ, ಗೆದ್ದವರೂ ಇದ್ದಾರೆ. ನಾವು ಇದರ ಮೇಲೆ ಒಂದು ಗಂಟೆ ಮಾತಾಡಿದೆವು. ತಿದ್ದಿದ ಬಯಾಸನ್ನು ಕಂಪನಿಯ ಅಪ್‌ಡೇಟ್ ಪ್ರೋಗ್ರಾಮ್ ಸ್ವೀಕರಿಸಲಿಲ್ಲ ಎಂದರೆ ಬೋರ್ಡ್ ಮೇಲಿನ ಎಂಟು ಕಾಲಿನ ಚಿಪ್‌ಗೆ ಕ್ಲಿಪ್ ಹಾಕಿ, ಹೊರಗಿನ ಪ್ರೋಗ್ರಾಮರ್‌ನಿಂದ ಬರೆಯಬೇಕು. ಬರೆಯುವ ಮೊದಲು ಇದ್ದದ್ದನ್ನು ಎರಡು ಸಲ ಓದಿ, ಎರಡೂ ಒಂದೇ ಇವೆಯೇ ನೋಡಿ, ಜೋಪಾನ ಮಾಡಬೇಕು. ಆ ಚಿಪ್‌ನಲ್ಲಿ ಬಯಾಸ್ ಮಾತ್ರ ಇರುವುದಿಲ್ಲ. ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಅಲ್ಲೇ ಇರುತ್ತದೆ. ವಿಂಡೋಸ್ 8ರ ಜೊತೆ ಬಂದ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಕೂಡ ಅಲ್ಲೇ. ಬೇರೆ ಯಾರದ್ದೋ ಫೈಲ್ ತಂದು ಬರೆದರೆ ಅವೆಲ್ಲ ಹೋಗುತ್ತವೆ. ಆ ಫೈಲ್ ಒಳಗೆ ಇನ್ನೇನು ಸೇರಿಸಿದ್ದಾರೆ ಎಂದು ತಿಳಿಯುವ ದಾರಿಯೂ ಇಲ್ಲ.

ನನ್ನ ಸ್ವಂತದ ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಕೈ ಹಾಕುತ್ತಿದ್ದೆ. ಇದು ಒಬ್ಬರ ದುಡಿಮೆಯ ಸಾಧನ, ಬದಲಿ ಇಲ್ಲ. ನಾನು ಇಷ್ಟೇ ಕೇಳಿದೆ: ನಾಳೆ ಬೆಳಿಗ್ಗೆ ಇದು ಆನ್ ಆಗದಿದ್ದರೆ ಏನು ಮಾಡುತ್ತೀರಿ? ಮೇಡಂ ತಕ್ಷಣ ಬೇಡ ಎಂದರು. ತಮ್ಮನೂ ಆಮೇಲೆ ಒತ್ತಾಯ ಮಾಡಲಿಲ್ಲ.

ಕಂಪನಿಯದೇ ಹೊಸ ಬಯಾಸ್ ಅಪ್‌ಡೇಟ್‌ಗಳ ವಿವರಗಳನ್ನೂ ಓದಿದೆವು. ಪಟ್ಟಿಗೆ ಕಾರ್ಡ್ ಸೇರಿಸಿದ ಮಾತು ಎಲ್ಲೂ ಇರಲಿಲ್ಲ. ಹಾಗಾಗಿ ಅಪ್‌ಡೇಟ್ ಮಾಡಲಿಲ್ಲ. ಕಾರಣ ಇಲ್ಲದೆ ಸುಮ್ನೆ ಬಯಾಸ್ ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ.

ತಿರುವು

ಉಳಿದದ್ದು ಒಂದೇ ದಾರಿ. ಪಟ್ಟಿಯಲ್ಲಿ ಏನಿದೆಯೋ ಅದನ್ನೇ ತರುವುದು. ಪಟ್ಟಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ನೆರಳು ಒಂದು ಕಡೆ ಸಿಗುತ್ತದೆ. ಅದು ಆ ಮಾಡೆಲ್‌ನ ರಿಪೇರಿ ಕೈಪಿಡಿ. ಪ್ರತಿ ಸ್ಕ್ರೂ, ಪ್ರತಿ ಬಿಡಿಭಾಗದ ಪಾರ್ಟ್ ನಂಬರ್ ಅದರಲ್ಲಿ ಇರುತ್ತದೆ. ಕಂಪನಿಯ ತಾಣದಿಂದ ಇಳಿಸಿಕೊಂಡು ವೈರ್‌ಲೆಸ್ ಕಾರ್ಡ್‌ಗಳ ಪುಟ ತೆಗೆದೆವು. ಈ ಮಾಡೆಲ್‌ಗೆ ಕೊಡುತ್ತಿದ್ದ ಕಾರ್ಡ್‌ಗಳಲ್ಲಿ ಎರಡೂ ಬ್ಯಾಂಡ್ ಇರುವುದು ಒಂದು ಇತ್ತು. ಅದರ ಹೆಸರು ಓದಿ ತಮ್ಮ ನನ್ನ ಮುಖ ನೋಡಿದರು.

ಇಂಟೆಲ್ 7260.

"ಇದೇ ಕಾರ್ಡ್ ಅಲ್ವಾ ಸರ್ ನಮ್ಮ ಹತ್ತಿರ ಇರೋದು?"

ಚಿಪ್ ಅದೇ. ರೇಡಿಯೋ ಅದೇ. ಕಾರ್ಡ್ ಅದೇ ಅಲ್ಲ. ಕೈಪಿಡಿಯಲ್ಲಿದ್ದದ್ದು ಲ್ಯಾಪ್‌ಟಾಪ್ ಕಂಪನಿಗೆಂದೇ ಮಾಡಿಸಿದ 7260. ಬೇರೆ ಪಾರ್ಟ್ ನಂಬರ್, ಬೇರೆ ಸಬ್‌ಸಿಸ್ಟಮ್ ಐಡಿ. ಅವರು ಕೊಂಡಿದ್ದು ಇಂಟೆಲ್ ಹೆಸರಿನಲ್ಲೇ ಬಿಡಿಯಾಗಿ ಮಾರುವ 7260. ಎರಡನ್ನೂ ಪಕ್ಕದಲ್ಲಿಟ್ಟರೆ ಸ್ಟಿಕ್ಕರ್ ಬಿಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಚಿಪ್ ಹೆಸರು ನೋಡಿ ಕೊಂಡವರಿಗೆ ಇದು ಹೇಗೆ ತಿಳಿಯಬೇಕು?

ಅಲ್ಲಿಂದ ನಾವು ಹುಡುಕಿದ್ದು ಚಿಪ್ ಹೆಸರನ್ನಲ್ಲ, ಪಾರ್ಟ್ ನಂಬರನ್ನು. ಕಳಚಿದ ಲ್ಯಾಪ್‌ಟಾಪ್‌ಗಳ ಬಿಡಿಭಾಗ ಮಾರುವವರ ಹತ್ತಿರ ಸಿಕ್ಕಿತು. ಮೊದಲು ಬಂದ ಕಾರ್ಡ್‌ನ ಸ್ಟಿಕ್ಕರ್ ಮೇಲೆ ಬೇರೊಂದು ಕಂಪನಿಯ ನಂಬರ್ ಇತ್ತು. ಲ್ಯಾಪ್‌ಟಾಪ್ ಬಿಚ್ಚದೆ ವಾಪಸ್ ಕಳಿಸಿದೆವು. ಎರಡನೇ ಸಲ, ಕಳಿಸುವ ಕಾರ್ಡ್‌ನದೇ ಸ್ಟಿಕ್ಕರ್ ಫೋಟೋ ಕೇಳಿ, ನಂಬರ್ ಒಂದೊಂದೇ ಅಕ್ಷರ ಹೋಲಿಸಿ, ಆಮೇಲೆ ತರಿಸಿದೆವು.

ಹಾಕುವ ದಿನ

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಶಟ್‌ಡೌನ್ ಆಗುವುದಿಲ್ಲ. ಅದನ್ನು ತೆಗೆದು ಆಫ್ ಮಾಡಿದೆವು. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿದೆವು.

ಹಳೇ ಕಾರ್ಡ್‌ಗೆ ಒಂದೇ ಆಂಟೆನಾ ವೈರ್ ಸಿಕ್ಕಿಸಿತ್ತು, ಕಪ್ಪು. ಹೊಸದಕ್ಕೆ ಎರಡು ಬೇಕು. ಎರಡನೆಯದು ಇಲ್ಲವೇನೋ ಎಂಬ ಭಯ ಇತ್ತು. ಆದರೆ ಬಿಳಿ ವೈರ್ ಅಲ್ಲೇ ಪಕ್ಕದಲ್ಲಿ, ತುದಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಟೇಪ್ ಅಡಿಯಲ್ಲಿ ಮಲಗಿತ್ತು. ಅಷ್ಟು ವರ್ಷ ಅದಕ್ಕೆ ಕೆಲಸವೇ ಇರಲಿಲ್ಲ. ಕಪ್ಪು ವೈರ್ ಕಾರ್ಡ್‌ನ ಮೇನ್ (ಮುಖ್ಯ) ಗುಂಡಿಗೆ, ಬಿಳಿ ಆಕ್ಸ್ (ಎರಡನೆಯ) ಗುಂಡಿಗೆ. ಈ ಪುಟ್ಟ ಕನೆಕ್ಟರ್‌ಗಳನ್ನು ನೆಟ್ಟಗೆ ಮೇಲಿನಿಂದ ಒತ್ತಬೇಕು, ಸೊಟ್ಟಗೆ ಒತ್ತಿದರೆ ಬಾಯಿ ಅಗಲವಾಗುತ್ತದೆ. ಈ ಬಗೆಯ ಕನೆಕ್ಟರ್ ತಾಳುವುದು ಸುಮಾರು 30 ಸಲ ಹಾಕಿ ತೆಗೆಯುವುದನ್ನು ಮಾತ್ರ. ಅದನ್ನು ಹೇಳಿದಾಗ ತಮ್ಮ ಬೆರಳಲ್ಲಿ ಎಣಿಸತೊಡಗಿದರು. ಕಪ್ಪು ವೈರನ್ನು ಆಗಲೇ ಎಂಟು ಹತ್ತು ಸಲ ತೆಗೆದು ಹಾಕಿದ್ದರು.

ಆನ್ ಮಾಡಿದೆವು. ಲೋಗೋ ಬಂತು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ವಿಂಡೋಸ್ ಶುರುವಾಯಿತು. ಡ್ರೈವರ್ ತಾನೇ ಕೂತಿತು. 5 ಗಿಗಾಹರ್ಟ್ಸ್ ನೆಟ್‌ವರ್ಕ್ ಪಟ್ಟಿಯಲ್ಲಿ ಕಂಡಿತು.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ರೌಟರ್ ಪಕ್ಕದಲ್ಲೇ ಕೂತು ನೋಡಿದರೂ ಲಿಂಕ್ ವೇಗ 433 ಮೆಗಾಬಿಟ್ ತೋರಿಸಿತು. ಹಳೇ ಕಾರ್ಡ್ ತೋರಿಸುತ್ತಿದ್ದದ್ದು 72. ಹಾಗಾಗಿ ಅವರಿಬ್ಬರಿಗೂ ಖುಷಿಯೋ ಖುಷಿ. ನನಗೆ ಆ 433 ಕಂಡೇ ಅನುಮಾನ ಬಂತು. ಎರಡು ಆಂಟೆನಾದ ಎಸಿ ಕಾರ್ಡ್ 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ 867 ತೋರಿಸಬೇಕು. 433 ಅದರ ಸರಿಯಾದ ಅರ್ಧ. ಅಂದರೆ ಒಂದು ಆಂಟೆನಾ ಮಾತ್ರ ಕೆಲಸ ಮಾಡುತ್ತಿದೆ. ದೂರದಿಂದ ವೇಗ ಇಳಿದಿದ್ದರೆ ನಂಬರ್ ಮೇಲೆ ಕೆಳಗೆ ಓಡಾಡುತ್ತಿತ್ತು. ಇದು 433ರಲ್ಲೇ ಕದಲದೆ ನಿಂತಿತ್ತು.

ಮತ್ತೆ ಬಿಚ್ಚಿದೆವು. ಬಿಳಿ ವೈರ್ ಗುಂಡಿಯ ಮೇಲೆ ಕೂತಿತ್ತು, ಒಳಗೆ ಇಳಿದಿರಲಿಲ್ಲ. ಕೊಳವೆಯ ಚೂರೊಂದು ಅಂಚಿಗೆ ಸಿಕ್ಕಿಕೊಂಡಿತ್ತು. ಚಿಮಟದಿಂದ ತೆಗೆದು ಒತ್ತಿದಾಗ ಟಕ್ ಎಂಬ ಸಣ್ಣ ಸದ್ದು ಬೆರಳಿಗೇ ತಿಳಿಯಿತು. ಆಮೇಲೆ 867 ಬಂತು. ಬ್ಲೂಟೂತ್ ಕೂಡ ಸಿಕ್ಕಿತು, ಅದನ್ನು ಯಾರೂ ಕೇಳಿರಲಿಲ್ಲ.

ಬೇರೆ ಲಕ್ಷಣ, ಬೇರೆ ಕಾರಣ

ಈ ಪ್ರಕರಣ ಓದಿ ಎಲ್ಲಕ್ಕೂ ಬಯಾಸ್ ಪಟ್ಟಿಯೇ ಕಾರಣ ಎಂದುಕೊಳ್ಳಬಾರದು. ಪಟ್ಟಿ ಇದ್ದರೆ ಅದು ಸಾಮಾನ್ಯವಾಗಿ ಹೇಳಿ ನಿಲ್ಲಿಸುತ್ತದೆ. ಏನೂ ಹೇಳದೆ, ಲ್ಯಾಪ್‌ಟಾಪ್ ಶುರುವಾಗಿ, ಕಾರ್ಡ್ ಮಾತ್ರ ಎಲ್ಲೂ ಕಾಣದಿದ್ದರೆ ಬೇರೆ ಕಡೆ ನೋಡಬೇಕು. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಬದಲು ಎಂ.2 ಎಂಬ ಸ್ಲಾಟ್ ಇರುವ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್201 ಕಾರ್ಡ್‌ಗಳ ಹೆಸರಿನಲ್ಲಿ ಒಂದೇ ಅಂಕಿ ವ್ಯತ್ಯಾಸ. ಎಎಕ್ಸ್200 ಪೂರ್ತಿ ಕಾರ್ಡ್, ಸಾಮಾನ್ಯ ಪಿಸಿಐ ಎಕ್ಸ್‌ಪ್ರೆಸ್. ಎಎಕ್ಸ್201ರ ಅರ್ಧ ಕೆಲಸ ಇರುವುದು ಇಂಟೆಲ್ ಪ್ರಾಸೆಸರ್ ಅಥವಾ ಚಿಪ್‌ಸೆಟ್ ಒಳಗೆ, ಕಾರ್ಡ್ ಮೇಲೆ ಉಳಿದದ್ದು ಮುಖ್ಯವಾಗಿ ರೇಡಿಯೋ ಭಾಗ. ಅದನ್ನು ಎಎಮ್‌ಡಿ ಪ್ರಾಸೆಸರ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿದರೆ ಸ್ಲಾಟ್‌ನಲ್ಲಿ ಚೆನ್ನಾಗಿ ಕೂರುತ್ತದೆ, ಸ್ಕ್ರೂ ಸರಿಹೋಗುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಎಎಕ್ಸ್210 ಮತ್ತು ಎಎಕ್ಸ್211 ನಡುವೆಯೂ ಇದೇ ಕಥೆ. ಮಿನಿ ಕಾರ್ಡ್‌ನ ಆಂಟೆನಾ ಕನೆಕ್ಟರ್‌ಗಿಂತ ಎಂ.2 ಕಾರ್ಡ್‌ನದು ಚಿಕ್ಕದು. ಹಾಗಾಗಿ ಹಳೇ ವೈರ್‌ಗಳು ಅದಕ್ಕೆ ಕೂರುವುದಿಲ್ಲ.

ಯಾರಾದರೂ ಕಾರ್ಡ್ ಬದಲಿಸಬೇಕು ಎಂದು ಈಗ ನನ್ನನ್ನು ಕೇಳಿದರೆ, ಮೊದಲು ಆ ಮಾಡೆಲ್‌ನ ರಿಪೇರಿ ಕೈಪಿಡಿ ಇಳಿಸಿಕೊಳ್ಳಿ ಎನ್ನುತ್ತೇನೆ. ಆಮೇಲೆ ಈಗಿರುವ ಕಾರ್ಡ್‌ನ ಸಬ್‌ಸಿಸ್ಟಮ್ ನಂಬರ್ ನೋಡಿ. ಅದರಲ್ಲಿ ಲ್ಯಾಪ್‌ಟಾಪ್ ಕಂಪನಿಯ ಗುರುತು ಇದ್ದ ಮಾತ್ರಕ್ಕೆ ಪಟ್ಟಿ ಇದೆ ಎಂದಲ್ಲ, ಆದರೆ ದುಡ್ಡು ಕೊಡುವ ಮೊದಲು ವಿಚಾರಿಸಲು ಅಷ್ಟು ಸಾಕು.

ಬಿಡಿಯಾಗಿ ಕೊಂಡಿದ್ದ 7260 ತಮ್ಮನ ಲ್ಯಾಪ್‌ಟಾಪ್‌ನಲ್ಲೇ ಉಳಿಯಿತು. ಯುಎಸ್‌ಬಿ ಅಡಾಪ್ಟರ್ ನನಗೆ ವಾಪಸ್ ಬಂತು. ಮೇಡಂ ಹಳೇ ರಿಯಲ್‌ಟೆಕ್ ಕಾರ್ಡನ್ನು ಒಂದು ಲಕೋಟೆಯಲ್ಲಿ ಹಾಕಿ ಲ್ಯಾಪ್‌ಟಾಪ್ ಚೀಲದಲ್ಲೇ ಇಟ್ಟುಕೊಂಡಿದ್ದಾರೆ. ಲಕೋಟೆ ಮೇಲೆ ಈಗ ಒಳಗಿರುವ ಕಾರ್ಡ್‌ನ ಪಾರ್ಟ್ ನಂಬರ್, ಅದರ ಕೆಳಗೆ ಅವರದೇ ದುಂಡು ಅಕ್ಷರದಲ್ಲಿ ಎರಡು ಸಾಲು: ಕಪ್ಪು ವೈರ್ ಮೇನ್, ಬಿಳಿ ವೈರ್ ಆಕ್ಸ್. ಟಕ್ ಅನ್ನಬೇಕು.